ಇಕ್ಕಳದ ಶಬ್ದ

ನಮ್ಮ ದೊಡ್ಡಮ್ಮನಿಗೆ ಕಿವಿ ಮಂದ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. ಎಡಗಿವಿ ಮಂದವೇ. ಅಡುಗೆಮನೆಯಲ್ಲಿದ್ದಾಗ ಬಾಗಿಲು ಬಡಿದರೆ ಅವಳಿಗೆ ಗೊತ್ತಾಗುವುದಿಲ್ಲ. ಚಿಕ್ಕಪ್ಪ ಉಪದೇಶ ಶುರುಮಾಡಿದರಂತೂ ಎರಡೂ ಕಿವಿ ಕೇಳಿಸುವುದಿಲ್ಲ. ಆದರೆ ಅವಳ ಗಾಡಿ ಒಂದು ಸಲ ಕೆಮ್ಮಿದರೆ ಸಾಕು, ಎಲ್ಲಿ, ಯಾಕೆ ಎಂದು ಹೇಳಿಬಿಡುತ್ತಾಳೆ. ಇದನ್ನು ನಂಬದವರ ಸಾಲಿನಲ್ಲಿ ನಮ್ಮ ಮನೆಯವರೇ ಮುಂದೆ ನಿಂತಿದ್ದರು.

ಗಾಡಿ ಅಂದರೆ ದೊಡ್ಡಪ್ಪನ ಕಾರು. ಬಾಡಿಗೆ ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಚಿಕ್ಕಪ್ಪ ಯಾರನ್ನೂ ಕೇಳದೆ ಒಬ್ಬ ಗಿರಾಕಿಯನ್ನು ಮನೆಗೇ ಕರೆದುಕೊಂಡು ಬಂದರು. ದೊಡ್ಡಮ್ಮ ಅವನಿಗೆ ಕಾಫಿ ಕೊಟ್ಟಳು. ಅವನು ಲೋಟ ಕೆಳಗಿಟ್ಟ ಮೇಲೆ, "ಗಾಡಿ ಮಾರಾಟಕ್ಕಿಲ್ಲ. ಇನ್ನೊಂದು ಲೋಟ ಕಾಫಿ ಬೇಕಾದ್ರೆ ಇದೆ" ಎಂದಳು. ಮಾರನೆಯ ದಿನವೇ ಡ್ರೈವಿಂಗ್ ಶಾಲೆಗೆ ಸೇರಿದಳು. ಈ ವಯಸ್ಸಿನಲ್ಲಾ ಎಂದು ಮೂಗು ಮುರಿದವರಿಗೆ, "ಮತ್ತೆ ಯಾವಾಗ? ಮುಂದಿನ ಜನ್ಮದಲ್ಲಾ?" ಎಂದು ಕೇಳಿದಳು.

ಅಂದಿನಿಂದ ಅವಳ ಕೆಲಸ ಆಸ್ಪತ್ರೆಯ ನರ್ಸುಗಳನ್ನು ಪಾಳಿಗೆ ಬಿಡುವುದು, ಪಾಳಿ ಮುಗಿದವರನ್ನು ಮನೆಗೆ ತಲುಪಿಸುವುದು. ಒಂದು ಸಲಕ್ಕೆ ನಾಲ್ವರು. ಹೋಗುವಾಗ ಅವರ ಬಾಯಿಗೆ ಬಿಡುವಿಲ್ಲ, ಬರುವಾಗ ಕೂತಲ್ಲೇ ನಿದ್ದೆ. ದೊಡ್ಡಮ್ಮ ಅವರನ್ನೆಲ್ಲ 'ನಮ್ಮ ಹುಡುಗಿಯರು' ಎನ್ನುತ್ತಾಳೆ, ಅವರಲ್ಲೊಬ್ಬಳಿಗೆ ಮೊಮ್ಮಕ್ಕಳಿದ್ದಾರೆ.

ಗಾಡಿಯ ಶಬ್ದಗಳಿಗೆ ಅವಳು ತನ್ನದೇ ಹೆಸರಿಟ್ಟಿದ್ದಾಳೆ, ಎಲ್ಲವೂ ಅಡುಗೆಮನೆಯವು. ಬ್ರೇಕ್ ಸವೆದರೆ ಚಾಕು ಮಸೆಯುವ ಶಬ್ದ. ಸೈಲೆನ್ಸರಿನ ತಗಡು ಸಡಿಲವಾದರೆ ಕುದಿಯುವ ಪಾತ್ರೆಯ ಮುಚ್ಚಳದ ಶಬ್ದ. ಗ್ಯಾರೇಜಿನಲ್ಲಿ ಹಾಗೇ ಹೇಳುತ್ತಾಳೆ. ಗ್ಯಾರೇಜಿನ ಯಜಮಾನನಿಗೆ ಎಲ್ಲರೂ ಬೋಲ್ಟಣ್ಣ ಎನ್ನುತ್ತಾರೆ. ಯಾವ ಗಾಡಿ ಬಂದರೂ ಮುಟ್ಟುವ ಮೊದಲೇ "ಎಲ್ಲೋ ಒಂದು ಬೋಲ್ಟ್ ಲೂಸು" ಎನ್ನುವುದು ಅವನ ಅಭ್ಯಾಸ. ದೊಡ್ಡಮ್ಮನ ಮುಚ್ಚಳ, ಚಾಕುಗಳನ್ನು ಕೇಳಿ ಅವನು ಮೀಸೆಯಡಿಯಲ್ಲೇ ನಗುತ್ತಿದ್ದ.

ಈ ಸಲ ಅವಳು ಹೇಳಿದ್ದು ಇಕ್ಕಳದ ಶಬ್ದ. ಬಿಸಿ ಪಾತ್ರೆಯ ಅಂಚಿಗೆ ಇಕ್ಕಳ ಹಾಕಿ, ಅದು ಕಚ್ಚದೆ ಜಾರಿದರೆ ಬರುತ್ತದಲ್ಲ, ಅದು. ಹಿಂದುಗಡೆಯಿಂದ, ಎಡಕ್ಕೆ ಹೊರಳುವಾಗ. ಬೋಲ್ಟಣ್ಣ ಗಾಡಿ ಓಡಿಸಿ ನೋಡಿದ. ಏನೂ ಇಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ಓಡಿಸಿದ. ಆಗಲೂ ಇಲ್ಲ.

"ಅಮ್ಮ, ಗಾಡಿ ಜಮ್ ಅಂತಿದೆ. ಒಂದ್ಸಲ ಕಿವಿ ಡಾಕ್ಟ್ರಿಗೆ ತೋರಿಸ್ಕೊಳ್ಳಿ."

ಅವಳಿಗೆ ಹೇಳಿದ್ದು ಸಾಲದೆಂದು ಚಿಕ್ಕಪ್ಪನ ಕಿವಿಗೂ ಹಾಕಿದ. ಅದೇ ವಾರ ದೊಡ್ಡಮ್ಮ ನರ್ಸುಗಳಿಗೆ, "ಶಬ್ದ ಏನು ಅಂತ ಗೊತ್ತಾಗೋ ತನಕ ಬಸ್ಸಲ್ಲಿ ಹೋಗ್ರಮ್ಮ, ನಿಮ್ಮನ್ನ ಕೂರಿಸಿಕೊಂಡು ನಾನು ಧೈರ್ಯ ಮಾಡಲ್ಲ" ಎಂದಳು. ನಮ್ಮವರ ಬುದ್ಧಿ ನೋಡಿ. ಜವಾಬ್ದಾರಿಯಿಂದ ನಿಲ್ಲಿಸಿದರೆ, ಕೈಲಾಗದೆ ನಿಲ್ಲಿಸಿದಳು ಎಂದುಕೊಂಡರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಭಾನುವಾರ ಬೆಳಿಗ್ಗೆ ಪಂಚಾಯ್ತಿ ಸೇರಿತು. ಚಿಕ್ಕಪ್ಪ, ದೊಡ್ಡಮ್ಮನ ಮಗಳಾದ ನನ್ನ ಅಕ್ಕ, ಸಾಕ್ಷಿ ಹೇಳಲು ಬೋಲ್ಟಣ್ಣ, ಮತ್ತೆ ನಾನು. ಒಳಗೆ ಬಂದ ಚಿಕ್ಕಪ್ಪ ಬಾಗಿಲ ಪಕ್ಕದ ಮೊಳೆಯಿಂದ ಗಾಡಿಯ ಕೀ ತೆಗೆದು, ತಮ್ಮದೇ ಎಂಬಂತೆ ಜೇಬಿಗೆ ಹಾಕಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

"ಅತ್ತಿಗೆ, ಮರ್ಯಾದೆಯಿಂದ ಓಡಿಸಿದ್ರಿ, ಮರ್ಯಾದೆಯಿಂದ ನಿಲ್ಲಿಸಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಾತು ಬರೋದು ನಮಗೆ."

"ನಾನು ನಿಲ್ಲಿಸಿದ್ದು ಶಬ್ದ ಇದೆ ಅಂತ. ಕಿವಿ ಇಲ್ಲ ಅಂತಲ್ಲ."

"ಶಬ್ದ ಇದ್ರೆ ಬೋಲ್ಟಣ್ಣಂಗೆ ಯಾಕೆ ಕೇಳಿಸ್ಲಿಲ್ಲ? ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

ದೊಡ್ಡಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮಗಳು ಮಾತ್ರ ಕಣ್ಣೀರು ಹಾಕುತ್ತಿದ್ದಳು. ಅವಳದು ನಿಜವಾದ ಭಯ. "ಅಮ್ಮ, ಮೊನ್ನೆ ನಾನೂ ನಿನ್ನ ಪಕ್ಕದಲ್ಲೇ ಕೂತು ಬಂದೆನಲ್ಲ? ಏನೂ ಕೇಳಿಸ್ಲಿಲ್ಲಮ್ಮ."

"ಮೊನ್ನೆ ಗಾಡೀಲಿ ಯಾರ್ಯಾರಿದ್ವಿ?"

"ನಾವಿಬ್ಬರೇ."

ದೊಡ್ಡಮ್ಮ ಬೋಲ್ಟಣ್ಣನ ಕಡೆ ತಿರುಗಿದಳು. "ನೀನು ಓಡಿಸಿದಾಗ?"

"ಮೊದಲು ನಾನೊಬ್ಬನೇ. ಆಮೇಲೆ ನೀವಿದ್ರಿ."

"ಆಗ ನಂಗೂ ಕೇಳಿಸ್ಲಿಲ್ಲ ಕಣಯ್ಯ. ಹುಡುಗಿಯರನ್ನ ಇಳಿಸಿ ಖಾಲಿ ಬರುವಾಗಲೂ ಕೇಳ್ಸಲ್ಲ. ತುಂಬಿದಾಗ ಮಾತ್ರ ಬರುತ್ತೆ." ಎದ್ದು ನಿಂತಳು. "ಏಳಿ ಎಲ್ಲಾ. ಚಪ್ಪಲಿ ಹಾಕ್ಕೊಳ್ಳಿ."

"ಎಲ್ಲಿಗೆ?" ಎಂದರು ಚಿಕ್ಕಪ್ಪ.

"ಗಾಡಿಗೆ. ಕೀ ಕಿತ್ಕೊಳ್ಳೋಕೆ ಬಂದವರು ಒಂದು ಸುತ್ತು ಕೂತೇ ಹೋಗಿ. ಬೋಲ್ಟಣ್ಣ ಓಡಿಸ್ಲಿ, ನಾನು ಸ್ಟೀರಿಂಗ್ ಮುಟ್ಟಲ್ಲ."

"ಶಬ್ದ ಬರದಿದ್ರೆ?"

"ಬರದಿದ್ರೆ ಕೀ ನಿನ್ನ ಜೇಬಲ್ಲೇ ಇರಲಿ. ನಾಳೆಯೇ ಗಿರಾಕಿ ಕರ್ಕೊಂಡು ಬಾ. ಈ ಸಲ ಕಾಫಿನೂ ನೀನೇ ಕೊಡು."

ಅವಳು ಅಷ್ಟು ಸಲೀಸಾಗಿ ಪಣಕ್ಕಿಟ್ಟದ್ದು ಗಾಡಿಯನ್ನಲ್ಲ, ತನ್ನ ಬದುಕನ್ನು. ಚಿಕ್ಕಪ್ಪ ಕೂಡಲೇ ಜೇಬಿನಿಂದ ಕೀ ತೆಗೆದು ಬೋಲ್ಟಣ್ಣನಿಗೆ ಕೊಟ್ಟರು. ಹಿಂದಿನ ಸೀಟಿನಲ್ಲಿ ಬಲಗಡೆ ಚಿಕ್ಕಪ್ಪ, ನಡುವೆ ನಾನು, ಆಚೆ ಅಕ್ಕ. ಚಿಕ್ಕಪ್ಪ ಒಬ್ಬರೇ ಒಂದೂವರೆ ನರ್ಸಿನಷ್ಟಿದ್ದರು. ಅವರು ಕೂತಾಗ ಗಾಡಿ ಆ ಕಡೆಗೆ ವಾಲಿತು. ನನಗೆ ಜೀವಮಾನದಲ್ಲಿ ಮೊದಲ ಸಲ ಅವರ ಹೊಟ್ಟೆಯ ಮೇಲೆ ಪ್ರೀತಿ ಬಂತು.

ಬೀದಿ ದಾಟಿದೆವು. ಶಬ್ದವಿಲ್ಲ. ಶಾಲೆಯ ಮುಂದಿನ ಉಬ್ಬು ದಾಟಿದೆವು. ಆಗಲೂ ಇಲ್ಲ. ಚಿಕ್ಕಪ್ಪ ಕಿಟಕಿಯ ಕಡೆ ಮುಖ ಮಾಡಿ ಮುಗುಳ್ನಗಲು ಶುರುಮಾಡಿದರು. ಮುಂದೆ ಕೂತ ದೊಡ್ಡಮ್ಮನ ಕತ್ತು ಮಾತ್ರ ನನಗೆ ಕಾಣುತ್ತಿತ್ತು. ಅದು ಒಂದಿಷ್ಟೂ ಬಾಗಲಿಲ್ಲ. "ನೀರಿನ ಟ್ಯಾಂಕಿನ ಹತ್ರ ಎಡಕ್ಕೆ ತಗೋ" ಎಂದಳು.

ಅಲ್ಲಿ ಪೈಪಿಗಾಗಿ ರಸ್ತೆ ಅಗೆದು ಅರೆಬರೆ ಮುಚ್ಚಿದ್ದರು. ಗಾಡಿ ಎಡಕ್ಕೆ ಹೊರಳಿ, ಬಲಗಡೆಯ ಚಕ್ರ ಆ ತಗ್ಗಿಗೆ ಇಳಿಯಿತು.

ಟಕ್. ಟಕ, ಟಕ್.

ಇಕ್ಕಳವೇ. ಅಪ್ಪಟ ಇಕ್ಕಳ. ಚಿಕ್ಕಪ್ಪನ ಸೀಟಿನ ಕೆಳಗಿಂದಲೇ ಬಂತು. ಅವರು ಬೆಚ್ಚಿ ಕಾಲೆತ್ತಿಕೊಂಡರು.

ಬೋಲ್ಟಣ್ಣ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದ. ಮೊಬೈಲಿನ ಬೆಳಕು ಹಿಡಿದು ಚಕ್ರದ ಪಕ್ಕ ನೆಲಕ್ಕೆ ಮಲಗಿದ. ಬಹಳ ಹೊತ್ತು ಅವನ ಕಾಲು ಮಾತ್ರ ಕಾಣುತ್ತಿತ್ತು. ಎದ್ದಾಗ ಮೀಸೆಯಡಿಯಲ್ಲಿ ನಗು ಇರಲಿಲ್ಲ.

"ಅಮ್ಮ, ಬಲಗಡೆ ಸ್ಪ್ರಿಂಗ್ ತುಂಡಾಗಿದೆ. ಖಾಲಿ ಇದ್ದಾಗ ತುಂಡು ಅಲ್ಲೇ ಕೂತಿರುತ್ತೆ, ತೂಕ ಬಿದ್ರೆ ಜರುಗುತ್ತೆ. ಚೂಪು ತುದಿ ಟೈರಿಗೂ ತಾಗಿ ಗೀರಿದೆ. ಹೀಗೇ ಜನ ತುಂಬಿಸಿ ಓಡಿಸಿದ್ರೆ ಯಾವತ್ತಾದ್ರೂ ಟೈರ್ ಸೀಳಿಹೋಗ್ತಿತ್ತು."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಾಲ್ವರು ನರ್ಸುಗಳು ನಿದ್ದೆ ಮಾಡುತ್ತಾ ಬರುವುದು ನನ್ನ ಕಣ್ಣ ಮುಂದೆ ಬಂತು. ದೊಡ್ಡಮ್ಮನ ಕಣ್ಣ ಮುಂದೆಯೂ ಬಂದಿರಬೇಕು, ಗಾಡಿಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

ಚಿಕ್ಕಪ್ಪನ ಮುಖ ಹುಳ್ಳಗಾಗಿತ್ತು. ಆದರೂ ಬಿಡುವ ಪೈಕಿ ಅಲ್ಲ. "ಸರಿ, ಶಬ್ದ ಇತ್ತು ಅಂತಾನೇ ಇಟ್ಕೊಳ್ಳೋಣ. ಹಾಗಂತ ಈ ವಯಸ್ಸಲ್ಲಿ..." ಎನ್ನುತ್ತಾ ಕೀಗಾಗಿ ಬೋಲ್ಟಣ್ಣನ ಮುಂದೆ ಕೈಚಾಚಿದರು. ದೊಡ್ಡಮ್ಮ ತನ್ನ ಕೈಯನ್ನೂ ಚಾಚಿದಳು. ಬೋಲ್ಟಣ್ಣ ಒಮ್ಮೆ ಆ ಕೈ ನೋಡಿದ, ಒಮ್ಮೆ ಈ ಕೈ ನೋಡಿದ. ಕೀಗೆ ಹತ್ತಿದ್ದ ಮಣ್ಣನ್ನು ತನ್ನ ಅಂಗಿಗೆ ಒರೆಸಿ ದೊಡ್ಡಮ್ಮನ ಕೈಗಿಟ್ಟ.

"ಖಾಲಿ ಗಾಡಿ ನಿಧಾನಕ್ಕೆ ಹೋದ್ರೆ ಗ್ಯಾರೇಜ್ ಮುಟ್ಟುತ್ತಲ್ವಾ?" ಎಂದು ಕೇಳಿದಳು.

"ಮುಟ್ಟುತ್ತೆ, ಹತ್ರಾನೇ ಇದೆ. ಹಿಂದೆ ಯಾರೂ ಕೂರಬಾರದು ಅಷ್ಟೇ."

"ಕೇಳಿಸ್ತಾ?" ಎಂದು ನಮ್ಮ ಕಡೆ ತಿರುಗಿದಳು. "ಎಲ್ಲರ ಕಿವಿನೂ ಚೆನ್ನಾಗಿದೆಯಲ್ಲ?"

"ಮನೆ ತನಕ ನಡ್ಕೊಂಡು ಹೋಗ್ಬೇಕಾ ಅತ್ತಿಗೆ?" ಎಂದರು ಚಿಕ್ಕಪ್ಪ.

"ಹೂಂ. ನೀವು ಕೂತ್ರೇನೇ ಅದು ಕೂಗೋದು. ನಾಳೆ ರಿಪೇರಿ ಮಾಡಿಸಿ ಹುಡುಗಿಯರನ್ನ ಕೂರಿಸ್ಕೊತೀನಿ. ನೀವು ನಡೀರಿ."

ನಾನು ಮೆಲ್ಲಗೆ ಹತ್ತಿರ ಹೋದೆ. "ನಾನು ನಿನ್ನ ಪಕ್ಷ ಅಲ್ವಾ ದೊಡ್ಡಮ್ಮ? ಮುಂದೆ ಕೂರ್ಲಾ?"

"ಪಕ್ಷಕ್ಕೂ ತೂಕ ಇರುತ್ತೆ. ನಡಿ."

ಬೋಲ್ಟಣ್ಣ ಹತ್ತಬಹುದಿತ್ತು. ಅವನಿಗೂ ಧೈರ್ಯ ಬರಲಿಲ್ಲ. ದೊಡ್ಡಮ್ಮ ಕನ್ನಡಿ ಸರಿಮಾಡಿಕೊಂಡು ಗಾಡಿ ತೆಗೆದಳು. ಮುಂದಿನ ತಿರುವಿನಲ್ಲೂ ರಸ್ತೆ ಅಗೆದಿದ್ದರು. ಅಲ್ಲಿ ಅವಳು ಎಡಕ್ಕೆ ಹೊರಳಿದಳು. ನಾವು ನಾಲ್ವರೂ ರಸ್ತೆಯಲ್ಲಿ ಕಿವಿಗೊಟ್ಟು ನಿಂತೆವು. ಗಾಡಿ ಚಕಾರ ಎತ್ತಲಿಲ್ಲ.