ತಾರಾನಾಥನ ಎಲೆಗೆ ಸ್ಕಾಚ್

ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಚಂಪಕ್ಕ ಅರುವತ್ತರ ಹತ್ತಿರದಲ್ಲಿ ಮೊದಲ ಸಲ ಬಾರಿನ ಮೆಟ್ಟಿಲು ಹತ್ತಿದಳು, ಅದೂ ಕಾಪು ಪೇಟೆಯಲ್ಲಿ, ಹಾಡಹಗಲೇ. ತೀರಿಹೋದವರಿಗೆ ಆಟಿ ತಿಂಗಳಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕು. ಗಂಡ ತಾರಾನಾಥನ ಎಲೆಗೆ ಮೈದುನ ಕಳೆದ ಎರಡು ವರ್ಷವೂ ಕೈಗೆ ಸಿಕ್ಕಿದ ಬ್ರಾಂಡಿ ತಂದಿಟ್ಟಿದ್ದ. ದುಬಾಯಿಯಿಂದ ರಜೆಗೆ ಬರುವಾಗಲೆಲ್ಲ ಸ್ಕಾಚ್ ತರುತ್ತಿದ್ದ ಮನುಷ್ಯ ಅದನ್ನು ಮೂಸಿಯೂ ನೋಡಿರಲಿಕ್ಕಿಲ್ಲ ಎಂದು ಅವಳಿಗೆ ಸಿಟ್ಟು.

“ಯಾವ ಸ್ಕಾಚ್ ಅಮ್ಮ?” ಎಂದು ಕೇಳಿದ ಕೌಂಟರಿನಲ್ಲಿದ್ದ ಪ್ರತೀಕ್.

“ನಮ್ಮವರ ಎಲೆಗೆ ಇಡಲಿಕ್ಕೆ. ಹೆಸರು ಗೊತ್ತಿಲ್ಲ ಮಾರಾಯ. ಗಂಟಲು ಸುಡಬಾರದು. ಹೊಗೆಯ ವಾಸನೆ ಬೇಡ. ಕೊನೆಗೆ ನಾಲಗೆಯಲ್ಲಿ ಒಂಚೂರು ಜೇನು ಉಳಿಯಬೇಕು.”

ಅವನು ತೆರೆದಿದ್ದ ಬಾಟಲಿಗಳಿಂದ ಮುಚ್ಚಳದಲ್ಲಿ ಹನಿ ಹನಿ ಕೊಟ್ಟ. ಮೊದಲನೆಯದಕ್ಕೆ ಅವಳು ಮುಖ ಸಿಂಡರಿಸಿದಳು. ಎರಡನೆಯದನ್ನು “ಇದು ಒರಟು” ಎಂದು ದೂಡಿದಳು. ಮೂರನೆಯದಕ್ಕೆ ಕಣ್ಣು ತಾನಾಗಿ ಮುಚ್ಚಿತು.

“ಇದೇ.”

“ನೀವೂ ಅವರ ಜೊತೆ ಕುಡಿಯುತ್ತಿದ್ದಿರಾ ಅಮ್ಮ?”

“ಛೆ! ಗ್ಲಾಸು ಕೂಡ ಮುಟ್ಟಿದವಳಲ್ಲ.”

“ಮತ್ತೆ ರುಚಿ ಹೇಗೆ ಗೊತ್ತು?”

ಚಂಪಕ್ಕನ ಮುಖ ಕೆಂಪೇರಿತು. ತುಟಿ ಒರೆಸಲು ಎತ್ತಿದ ಸೆರಗನ್ನು ಒರೆಸದೆಯೇ ಮೆಲ್ಲಗೆ ಕೆಳಗೆ ಬಿಟ್ಟಳು.