ಆಡದವನ ಅಂಗಿ

ಲೀಗ್ ಪಟ್ಟಿಯ ತಳಕ್ಕೆ ಅಂಟಿಕೊಂಡಿರುವ ಹಾರ್ಕ್‌ಬಿ ಫುಟ್‌ಬಾಲ್ ಕ್ಲಬ್ಬಿನಲ್ಲಿ ಬಟ್ಟೆ ಒಗೆಯುವ ಎನಿಡಳಿಗೆ ಆಟಗಾರರ ಮುಖಕ್ಕಿಂತ ಅವರ ಅಂಗಿಗಳೇ ಹೆಚ್ಚು ಪರಿಚಯ, ಅದರಲ್ಲೂ ಅಮೆರಿಕದಿಂದ ಬಂದ ಟಕರ್ ಲಿಂಡ್‌ಕ್ವಿಸ್ಟನದು. ಮಹಾರಾಯ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬರುತ್ತಾನೆ. ಗೇಟಿನವನಿಗೂ, ಹುಲ್ಲು ಕತ್ತರಿಸುವವನಿಗೂ, ಕೊನೆಗೆ ಕ್ಲಬ್ಬಿನ ಬೆಕ್ಕಿಗೂ ಥ್ಯಾಂಕ್ಸ್ ಹೇಳುತ್ತಾನೆ. ಚಹಾ ಕೊಟ್ಟರೆ ಕಷಾಯದಂತೆ ಕಣ್ಣುಮುಚ್ಚಿ ಕುಡಿಯುತ್ತಾನೆ. ಮೂರು ವರ್ಷದಲ್ಲಿ ಅವನು ಆಡಿದ್ದು ನಲವತ್ತೊಂದೇ ನಿಮಿಷ. ಆದರೂ ಈಗ ಕರೆದಾರು, ಆಗ ಕರೆದಾರು ಎಂದು ಪಂದ್ಯದುದ್ದಕ್ಕೂ ಮೈದಾನದ ಗೆರೆಯಾಚೆ ಓಡುತ್ತಲೇ ಇರುತ್ತಾನೆ. "ಏ ಅಮೆರಿಕ, ಕೂತ್ಕೊಳೋ! ಸೋಲೋದನ್ನಾದ್ರೂ ನೆಟ್ಟಗೆ ನೋಡೋಕೆ ಬಿಡು!" ಎಂದು ಜನ ಕೂಗಿದರೆ ಅವರಿಗೂ ಕೈ ಬೀಸುತ್ತಾನೆ. ಮೊನ್ನೆ ಒಳ್ಳೆಯ ಬಿಸಿಲಿನಲ್ಲಿ ನಾಲ್ಕು ಗೋಲುಗಳಿಂದ ಸೋತ ಮೇಲೆ ಮ್ಯಾನೇಜರ್ ಕ್ಲೆಗ್ ಒಗೆಯುವ ಕೋಣೆಗೆ ಬಂದು, "ಮೈದಾನಕ್ಕೇ ಇಳೀದೋನ ಅಂಗಿ ಯಾಕೆ ಒಗೀತೀಯ, ಎನಿಡ್? ಅವನನ್ನ ಮುಂದಿನ ವರ್ಷ ಇಟ್ಕೊಳಲ್ಲ" ಎಂದ. ಎನಿಡ್ ಬುಟ್ಟಿಯಿಂದ ಟಕರನ ಅಂಗಿ ತೆಗೆದು ಕ್ಲೆಗ್‌ನ ಎದುರೇ ಹಿಂಡಿದಳು. ಬೆವರು ನೆಲಕ್ಕೆ ತೊಟ್ಟಿಕ್ಕಿತು. "ಈಗ ಆ ಆಡಿದ ಹನ್ನೊಂದು ಜನರ ಅಂಗೀನೂ ಮುಟ್ಟಿ ನೋಡಪ್ಪ" ಎಂದಳು.