ಎಡಗೋಡೆಯ ಮೂರನೆಯದು ಕೆಂಪು

ನನ್ನ ಹೆಂಡತಿ ಜಯನಗರ ನಾಲ್ಕನೇ ಬ್ಲಾಕಿನ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆ. ಸೀರೆ ಹಿಡಿದು ಬಂದವರಿಗೆ ಅದಕ್ಕೆ ಹೊಂದುವ ರವಿಕೆ ಬಟ್ಟೆ, ಲಂಗ, ಫಾಲ್ ಹುಡುಕಿಕೊಡುವ ಅಂಗಡಿ. ಗಿರಾಕಿ ಸೀರೆಯ ಅಂಚು ತೋರಿಸಿದರೆ ಸಾಕು, ನೂರಾರು ಬಟ್ಟೆಗಳ ನಡುವೆ ಇವಳ ಕೈ ನೇರವಾಗಿ ಸರಿಯಾದದ್ದರ ಮೇಲೇ ಬೀಳುತ್ತದೆ ಎಂದು ಅಂಗಡಿಯ ಯಜಮಾನರೇ ನನ್ನ ಹತ್ತಿರ ಹೇಳಿದ್ದಾರೆ. ಸಂಜೆ ಗಿರಿನಗರದ ಮನೆಗೆ ಬಂದು, ಕಾಲು ತೊಳೆದು, ಕಾಫಿ ಹಿಡಿದು ಕೂತಳೆಂದರೆ ದಿನದ ವರದಿ ಶುರು. ಒಬ್ಬರು ಈರುಳ್ಳಿ ಸಿಪ್ಪೆಯ ಬಣ್ಣ ಕೇಳಿದರಂತೆ, ಕೊಟ್ಟರೆ ಇದು ಗುಲಾಬಿ ಎಂದು ಜಗಳಕ್ಕೆ ನಿಂತರಂತೆ. ಇನ್ನೊಬ್ಬರಿಗೆ ಗಿಳಿ ಹಸಿರಿಗೂ ಮಾವಿನ ಚಿಗುರಿಗೂ ವ್ಯತ್ಯಾಸವೇ ಗೊತ್ತಿಲ್ಲವಂತೆ. "ಕಣ್ಣಿದ್ದೂ ಕುರುಡರು ಕಣ್ರೀ" ಎನ್ನುತ್ತಿದ್ದಳು. ನಾನು ಹೌದೌದು ಎಂದು ತಲೆಯಾಡಿಸುತ್ತಿದ್ದೆ.

ಆ ಕುರುಡರಲ್ಲಿ ನಾನೂ ಒಬ್ಬ. ಕೆಂಪು, ಹಸಿರು ನನಗೆ ತಿಳಿಯುವುದಿಲ್ಲ. ಎರಡೂ ಒದ್ದೆ ಗೋಣಿಚೀಲದ ಹಾಗೆ ಕಾಣುತ್ತವೆ. ನೀಲಿ, ಹಳದಿ ಮೋಸ ಮಾಡುವುದಿಲ್ಲ. ಇದು ಗೊತ್ತಾದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ರೈಲ್ವೆ ಕೆಲಸದ ವೈದ್ಯಕೀಯ ಪರೀಕ್ಷೆಯಲ್ಲಿ. ಡಾಕ್ಟರು ಚುಕ್ಕೆಗಳ ಪುಸ್ತಕ ತೆರೆದು, ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದರು. ನನಗೆ ಚುಕ್ಕೆಗಳು ಮಾತ್ರ ಕಂಡವು. ಕೆಲಸ ಹೋಯಿತು. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಹಿಡಿದೆ. ಬಿಳಿ ಹಾಳೆ, ಕಪ್ಪು ಅಕ್ಷರ, ಯಾರ ಹಂಗೂ ಇಲ್ಲ.

ಹೆಣ್ಣು ನೋಡಲು ಹೊರಟ ದಿನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಓದೋಕೆ ಬರೆಯೋಕೆ ಕಣ್ಣು ಚೆನ್ನಾಗೇ ಇದೆಯಲ್ಲ. ಅಲ್ಲಿ ಬಾಯಿ ಬಿಡಬೇಡ" ಎಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಮ್ಮ ಮನೆಯವರು ಮುಚ್ಚಿಟ್ಟದ್ದು ಒಂದೇ. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನು ಹದಿನಾರು ವರ್ಷ ಕೂತು ನಾನೇ ಹೇಳಿದೆ. ಸಿಗ್ನಲ್ಲಿನಲ್ಲಿ ಮೇಲಿನ ದೀಪವೋ ಕೆಳಗಿನದೋ ಎಂದು ನೋಡುತ್ತಿದ್ದೆ. ಟೊಮೇಟೊ ಹಣ್ಣಾಗಿದೆಯೇ ಎಂದು ಒತ್ತಿ ನೋಡುತ್ತಿದ್ದೆ. ಅವಳು ಹೊಸ ಸೀರೆ ಉಟ್ಟು ಬಂದು ನಿಂತರೆ "ನಿನಗೆ ಒಪ್ಪುತ್ತೆ" ಎನ್ನುತ್ತಿದ್ದೆ. ಆ ಮಾತು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಅವಳು ವರದಿ ಬಿಟ್ಟು ಬೇರೇನೋ ಹೇಳಿದಳು. ಕಾಲೇಜಿನ ಮೇಡಂ ಒಬ್ಬರು ಗಿರಾಕಿಯಾಗಿ ಬಂದಿದ್ದರಂತೆ. ಇವಳು ಬಟ್ಟೆ ಆರಿಸುವುದನ್ನೇ ನೋಡುತ್ತ ನಿಂತು, "ನಿಮ್ಮ ಕಣ್ಣು ಕಲಾವಿದರ ಕಣ್ಣು. ಜೆ.ಪಿ. ನಗರದಲ್ಲಿ ಚಿತ್ರಗಳ ಗ್ಯಾಲರಿ ಇದೆ, ಫ್ರೀ. ಒಂದ್ಸಲ ಹೋಗಿ ನೋಡಿ" ಎಂದರಂತೆ.

"ಫ್ರೀ ಅಂದ್ರೆ ಒಳಗೆ ಏನಾದ್ರೂ ಮಾರ್ತಾರೇನ್ರೀ?"

ನನಗೂ ಗೊತ್ತಿರಲಿಲ್ಲ. ಇಬ್ಬರೂ ಫೋನಿನಲ್ಲಿ ಹುಡುಕಿದೆವು. ಪ್ರವೇಶ ಉಚಿತ, ಎಲ್ಲರಿಗೂ ಸ್ವಾಗತ, ಸೋಮವಾರ ರಜೆ. ಅಷ್ಟೇ ಇತ್ತು. ಎಲ್ಲರಿಗೂ ಎಂದರೆ ಎಂಥವರಿಗೆ ಎಂದು ಇರಲಿಲ್ಲ. ಅವಳ ಪ್ರಶ್ನೆಗಳು ಮುಗಿಯಲೇ ಇಲ್ಲ. ಚಪ್ಪಲಿ ಹೊರಗೆ ಬಿಡಬೇಕಾ? ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು? ಬೇಗ ಮುಂದೆ ಹೋದರೆ ಬೇಜಾರು ಮಾಡಿಕೊಳ್ಳುತ್ತಾರಾ? ಬಾಗಿಲಲ್ಲಿ ಯಾರಾದರೂ ನೀವು ಏನು ಓದಿದ್ದೀರಿ ಎಂದು ಕೇಳಿದರೆ? ಅವಳಿಗೆ ಮಂಗಳವಾರ ವಾರದ ರಜೆ. ಮುಂದಿನ ಮಂಗಳವಾರವೇ ಎಂದು ಗೊತ್ತುಮಾಡಿದಳು.

"ಅಲ್ಲಿ ಒಂದೊಂದು ಚಿತ್ರಾನೂ ನನ್ನ ಜೊತೆ ನಿಂತು ನೋಡ್ಬೇಕು ನೀವು. ಒಪ್ಪುತ್ತೆ ಗಿಪ್ಪುತ್ತೆ ಅಂದ್ರೆ ನಡೆಯಲ್ಲ."

ಬಣ್ಣಗಳೇ ಇರುವ ಮನೆಯೊಳಗೆ, ಬಣ್ಣವೇ ಬದುಕಾದವಳ ಪಕ್ಕದಲ್ಲಿ, ಒಂದು ಗಂಟೆ ನಾನು ಏನು ಮಾತಾಡಲಿ? ಕರಡು ತಿದ್ದುವವನ ಬುದ್ಧಿ, ಒಮ್ಮೆ ಮೊದಲೇ ಓದಿಕೊಂಡುಬಿಡೋಣ ಎಂದಿತು. ಗುರುವಾರ ಮಧ್ಯಾಹ್ನ ಹಲ್ಲುನೋವೆಂದು ಹೇಳಿ ಮುದ್ರಣಾಲಯದಿಂದ ಹೊರಟೆ.

ಗ್ಯಾಲರಿಯ ಬಾಗಿಲಲ್ಲಿ ನಾನು ಏನು ಓದಿದ್ದೇನೆಂದು ಯಾರೂ ಕೇಳಲಿಲ್ಲ. ಚಪ್ಪಲಿಯನ್ನೂ ಬಿಡಬೇಕಾಗಿರಲಿಲ್ಲ. ಒಳಗೆ ನನ್ನನ್ನು ಬಿಟ್ಟರೆ ಕಾವಲಿನವರೊಬ್ಬರೇ. ಐವತ್ತರ ಆಸುಪಾಸು, ಹಾವೇರಿ ಕಡೆಯವರು, ಬಿಟಿಎಂನಲ್ಲಿ ಬಾಡಿಗೆ ಮನೆ. ಇಷ್ಟನ್ನು ಅವರೇ ಹೇಳಿದರು. ಎಡಗೋಡೆಯ ಮೂರನೆಯ ಚಿತ್ರ ದೊಡ್ಡದು, ನನ್ನ ಕಣ್ಣಿಗೆ ಇಡೀ ಗೋಣಿಚೀಲ. ನಾಚಿಕೆ ಬಿಟ್ಟು, ಇದು ಯಾವ ಬಣ್ಣ ಎಂದು ಕೇಳಿದೆ.

"ಬ್ಯಾಡಗಿ ಮೆಣಸಿನಕಾಯಿ ಒಣಗಿದ್ದು ಇರ್ತೈತಲ್ರಿ, ಆ ಕೆಂಪ್ರಿ ಸರ. ಕೆಳಗ ಹಸರು, ಎಳೇ ಜೋಳದ ಬೆಳಿ ಹಂಗ." ನಾನು ಬರೆದುಕೊಳ್ಳುವುದನ್ನು ಕಂಡು ಅವರಿಗೆ ಹುರುಪು ಬಂತು. "ನಾಕು ವರ್ಷ ಆತ್ರಿ ಇಲ್ಲಿ ನಿಂತು. ಮುಟ್ಟಬ್ಯಾಡ್ರಿ ಅಂತ ನಾನ ಎಲ್ಲಾರಿಗೂ ಹೇಳಾವ. ನನ್ನ ಏನಾರ ಕೇಳಿದವ್ರು ನೀವ ಮೊದಲು ನೋಡ್ರಿ."

ಇಪ್ಪತ್ತಾರು ಚಿತ್ರ, ಒಂದೂ ಬಿಡದೆ ಹೇಳಿದರು. ಪುಟ್ಟ ನೋಟ್‌ಬುಕ್ಕಿನ ಒಂಬತ್ತು ಪುಟ ತುಂಬಿತು. ಸಂಜೆ ಮನೆಯಲ್ಲಿ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಎಡಗೋಡೆ ಮೂರನೆಯದು, ಮೇಲೆ ಕೆಂಪು, ಕೆಳಗೆ ಹಸಿರು. ಮಾಡುತ್ತಿರುವುದು ಮೋಸವೆಂದು ಗೊತ್ತಿತ್ತು. ಆದರೂ ಎಂದೂ ಕಾಣದ ಊರಿನ ದಾರಿಯನ್ನು ಕೇಳಿ ತಿಳಿದಂತೆ ಖುಷಿಯಾಗುತ್ತಿತ್ತು.

ಮಂಗಳವಾರ ಅವಳು ತನಗೆ ಬಹಳ ಇಷ್ಟವಾದ ಸೀರೆ ಉಟ್ಟಳು. ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಇಳಿದು, ನಡೆದು ಹೋದೆವು. ಒಳಗೆ ಕಾಲಿಟ್ಟವನು ಎಡಗೋಡೆಯ ಕಡೆ ತಿರುಗಿ ನಿಂತುಬಿಟ್ಟೆ. ಗೋಡೆಯ ತುಂಬ ಬೇರೆಯೇ ಚಿತ್ರಗಳು. ಎಲ್ಲವೂ ಕಪ್ಪು ಬಿಳುಪು, ಇದ್ದಿಲಿನಲ್ಲಿ ಬರೆದವು. ಪ್ರದರ್ಶನಗಳು ವಾರಕ್ಕೊಮ್ಮೆ ಬದಲಾಗುತ್ತವೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಬಣ್ಣಾನೇ ಇಲ್ವಲ್ರೀ" ಎಂದಳು. ಮುಖ ಚಿಕ್ಕದಾಯಿತು.

ನನಗೋ ಹೋದ ಜೀವ ಬಂದಂತಾಯಿತು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆ ಚಿತ್ರಗಳು ನನಗೆ ನಿಜವಾಗಿಯೂ ಹಿಡಿಸಿಬಿಟ್ಟವು. ಬಾವಿಯೊಳಗೆ ಇಣುಕುತ್ತಿರುವ ಒಬ್ಬ ಮುದುಕಿಯ ಚಿತ್ರವಿತ್ತು. ಬಾವಿಯೊಳಗಿನ ಕಪ್ಪೇ ಬೇರೆ, ಅವಳ ಸೆರಗಿನ ಕಪ್ಪೇ ಬೇರೆ, ನೀರಿನ ಮೇಲೆ ಬೆರಳಿಂದ ಒರೆಸಿದ ಬೂದಿಯೇ ಬೇರೆ. ಒಂದೊಂದನ್ನೂ ಹೆಂಡತಿಗೆ ತೋರಿಸಿದೆ. ಕೈ ಹಿಡಿದು ಮುಂದಿನದಕ್ಕೆ ಎಳೆದೊಯ್ದೆ. ಅವಳು ಚಿತ್ರ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷದಲ್ಲಿ ಒಂದು ಸೀರೇನೂ ನೀವು ಹೀಗೆ ನೋಡಿಲ್ಲ" ಎಂದಳು. ನಗುತ್ತಲೇ ಅಂದಳು.

ಅಷ್ಟರಲ್ಲಿ ಕಾವಲಿನವರು ಬಂದರು. "ಬಂದ್ರ್ಯಾ ಸರ? ಅವತ್ತು ನನ್ನ ಕೇಳಿ ಕೇಳಿ ಬಣ್ಣ ಬರಕೊಂಡಿದ್ರಲ್ರಿ, ಆ ಚಿತ್ರ ಎಲ್ಲಾ ಐತವಾರ ತಗೊಂಡು ಹ್ವಾದ್ರು. ಇದರಾಗ ನಾ ಹೇಳೂದೇನೂ ಇಲ್ಲ ನೋಡ್ರಿ." ಪಾಪ, ನನ್ನ ಶ್ರಮ ವ್ಯರ್ಥವಾಯಿತೆಂದು ಅವರಿಗೆ ಬೇಸರವಾಗಿತ್ತು.

ಅವರು ಬಾಗಿಲ ಕಡೆ ಹೋಗುವುದನ್ನೇ ಅವಳು ಕಾದಳು. ಆಮೇಲೆ ಕೈ ಚಾಚಿದಳು. ನಾನು ಜೇಬಿನಿಂದ ನೋಟ್‌ಬುಕ್ ತೆಗೆದುಕೊಟ್ಟೆ. ಒಂಬತ್ತು ಪುಟವನ್ನೂ ನಿಂತೇ ಓದಿದಳು.

"ಕೆಂಪು ಕಾಣಲ್ವಾ ನಿಮಗೆ?"

"ಕಾಣಲ್ಲ."

"ಹಸಿರು?"

"ಅದೂ ಅಷ್ಟೇ."

"ಯಾವಾಗಿಂದ?"

"ಹುಟ್ಟಿದಾಗಿಂದ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ನೋಟ್‌ಬುಕ್ ಮುಚ್ಚಿ ಕೊಟ್ಟಳು. "ಹಾಗಾದ್ರೆ ದಿನಾ ಸಾಯಂಕಾಲ ಕೂತ್ಕೊಂಡು ಬಣ್ಣ ಬಣ್ಣ ಅಂತ ಹೇಳ್ತಿದ್ನಲ್ಲ, ಯಾರಿಗೆ ಹೇಳ್ತಿದ್ದೆ ನಾನು?"

ಆ ವಾರ ಸಂಜೆ ಕಾಫಿ ಬರುತ್ತಿತ್ತು, ವರದಿ ಬರುತ್ತಿರಲಿಲ್ಲ. ಬಸ್ಸಿನಲ್ಲಿ ರಶ್ ಇತ್ತು, ಅಂಗಡಿಯಲ್ಲಿ ಫ್ಯಾನ್ ಕೆಟ್ಟಿದೆ, ಇಷ್ಟೇ ಮಾತು. ಕಾಣದ ಬಣ್ಣಗಳ ಹೆಸರು ಕೇಳುವುದು ನನಗೆ ಎಷ್ಟು ಇಷ್ಟವಾಗಿತ್ತೆಂದು ಆಗ ತಿಳಿಯಿತು. ನನಗೆ ಕೆಂಪು ಅಂದರೆ ಅವಳ ದನಿಯೇ. ಇದನ್ನು ಅವಳಿಗೆ ಹೇಳಿಬಿಡಬೇಕೆಂದು ಶನಿವಾರ ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ನಮ್ಮ ಮದುವೆ ದಿನ ನಾನು ಉಟ್ಟಿದ್ದು ಅಪ್ಪಟ ಕೆಂಪು. ಅದಕ್ಕೋಸ್ಕರ ನಾಲ್ಕು ಅಂಗಡಿ ಅಲೆದಿದ್ದೆ. ನಿಮಗೆ ಹೇಗೆ ಕಾಣಿಸ್ತು?"

ಸಿಟ್ಟಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಮೊದಲ ಬಾರಿಗೆ ಕಂಡದ್ದನ್ನು ಕಂಡಂತೆ ಹೇಳಿದೆ. "ಹಳೇ ಹುಣಸೆಹಣ್ಣಿನ ಥರ."

ಕಾಫಿ ಲೋಟ ಕೆಳಗಿಟ್ಟಳು. "ಚೆನ್ನಾಗಿ ಕಾಣ್ತಿದ್ನಾ ಅದ್ರಲ್ಲಿ?"

"ತುಂಬಾ ಚೆನ್ನಾಗಿ ಕಾಣ್ತಿದ್ದೆ."

"ಇದನ್ನ ಹೇಗ್ರೀ ನಂಬ್ಲಿ ಈಗ?"

ಚೆನ್ನಾಗಿ ಕಾಣುತ್ತಿದ್ದಳೆಂದು ನಾನು ಹೇಳಿದ್ದು ನಿಜವಾಗಿತ್ತು. ನಂಬಿಸುವ ದಾರಿ ಮಾತ್ರ ನನ್ನ ಹತ್ತಿರ ಇರಲಿಲ್ಲ.